ಹಾಡು ಬಾರದವಳ ಪಿಯಾನೊ

ಯಾವ ಆಹ್ವಾನಪತ್ರಿಕೆಯಲ್ಲೂ ನನ್ನ ಹೆಸರು ಕನ್ನಡಕವಿಲ್ಲದೆ ಓದುವ ಗಾತ್ರದಲ್ಲಿ ಅಚ್ಚಾದದ್ದಿಲ್ಲ. ಹಾಡುವವರ ಹೆಸರು ಮೇಲೆ, ದಪ್ಪಕ್ಷರದಲ್ಲಿ. ತೀರ ಕೆಳಗೆ, ಅಚ್ಚುಕೂಟದ ವಿಳಾಸಕ್ಕಿಂತ ಒಂದು ಗೆರೆ ಮೇಲೆ, ನಾನು. ಇದರ ಬಗ್ಗೆ ನನಗೇನೂ ದೂರಿಲ್ಲ. ಹಾಡು ಕೆಟ್ಟರೆ ಜನ ದಪ್ಪಕ್ಷರದವರನ್ನೇ ಬೈಯುತ್ತಾರೆ.

ಪಾಶ್ಚಾತ್ಯ ಸಂಗೀತದಲ್ಲಿ ಒಬ್ಬರು ಕವಿತೆ ಹಾಡಿ ಇನ್ನೊಬ್ಬರು ಪಿಯಾನೊ ನುಡಿಸುವ ಒಂದು ಬಗೆ ಇದೆ. ನಮ್ಮ ಭಾವಗೀತೆಯ ದೂರದ ನೆಂಟ ಅಂದುಕೊಳ್ಳಿ. ಹಾಡುವವಳು ‘ನದಿ’ ಎಂದರೆ ಮುಗಿಯಿತು, ಅದನ್ನು ಹರಿಸುವ ಕೆಲಸ ನನ್ನದು. ಅವಳು ಒಂದು ಚರಣ ನುಂಗಿದರೆ ನಾನೂ ಮುಖ ಬದಲಿಸದೆ ನುಂಗಬೇಕು. ಇನ್ನು ಪಿಟೀಲು, ಚೆಲ್ಲೊಗಳ ಜೊತೆ ಕೂತಾಗ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಕಣ್ಣಲ್ಲೇ ತೀರ್ಮಾನವಾಗುತ್ತದೆ. ಕೂಡುಕುಟುಂಬದ ಸೊಸೆಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಇಂಥದ್ದೊಂದು ಉದ್ಯೋಗವಿದೆ ಎಂದು ನಂಬಿದವರು ನಾನು ಮತ್ತು ಅಪ್ಪಾಜಿ ಇಬ್ಬರೇ. ಊರು ಬಿಡುತ್ತಿದ್ದ ಕಂಟೋನ್ಮೆಂಟಿನ ಸಂಸಾರವೊಂದರಿಂದ ಅಪ್ಪಾಜಿ ಪಿಯಾನೊ ಕೊಂಡು ತಂದಾಗ ಬೀದಿಯವರೆಲ್ಲ ಅದನ್ನು ಬೀರು ಎಂದುಕೊಂಡರು. ಅವ್ವ ಆಯುಧಪೂಜೆಗೆ ಅದಕ್ಕೆ ಮೂರು ಪಟ್ಟೆ ವಿಭೂತಿ ಬಳಿದಳು. ಸಂಜೆ ಹೊತ್ತು ಬಸ್ಸು ಹಿಡಿದು ಕಂಟೋನ್ಮೆಂಟಿಗೆ ಹೋಗಿ, ಹಾಡುವವರಿಗೆ ನುಡಿಸಿ ಬರುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲರದ್ದೂ ಒಂದೇ ಷರತ್ತು: ಮದುವೆಯಾದ ಮೇಲೆ ಇದನ್ನೆಲ್ಲ ಬಿಡಬೇಕು. ಬಿಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಅವ್ವ ಕಣ್ಣೀರು ಹಾಕುತ್ತಿದ್ದಳು. ನನಗೂ ಒಳಗೊಳಗೇ ಹೆದರಿಕೆಯಿತ್ತು.

ಒಂದು ಭಾನುವಾರ ವಿಜಯನಗರದಿಂದ ಹುಡುಗನೂ ಅವನ ತಾಯಿ ಗೌರಮ್ಮನವರೂ ಬಂದರು. ಕೇಸರಿಬಾತು ಮುಗಿದ ಮೇಲೆ ಗೌರಮ್ಮ ವಾಡಿಕೆಯಂತೆ, “ಒಂದು ಹಾಡು ಹೇಳಮ್ಮ,” ಎಂದರು.

ಹಾಲು ಉಕ್ಕಿದಾಗ ಕೂಗುವುದಕ್ಕಷ್ಟೇ ನನ್ನ ದನಿ ಲಾಯಕ್ಕು. “ಹಾಡಕ್ಕೆ ಬರಲ್ಲ, ನುಡಿಸ್ತೀನಿ,” ಎಂದು ಪಿಯಾನೊ ಮುಂದೆ ಕೂತೆ. ಅಲ್ಲೇ ಎಡವಟ್ಟಾದದ್ದು. ಒಂಟಿಯಾಗಿ ನುಡಿಸುವ ಕೃತಿಗಳೂ ನನಗೆ ಬರುತ್ತಿದ್ದವು. ಆದರೆ ಅಭ್ಯಾಸಬಲ ನೋಡಿ, ಬೆರಳುಗಳು ಹಾಡಿನ ಪಕ್ಕವಾದ್ಯವನ್ನೇ ಹಿಡಿದುಕೊಂಡವು. ಹಾಡುವವರಿಲ್ಲದ ಪಕ್ಕವಾದ್ಯ ಎಂದರೆ ವರನಿಲ್ಲದ ಮೆರವಣಿಗೆ. ಗೌರಮ್ಮ ತಾಳ್ಮೆಯಿಂದ ಕಾದರು, ಕಾದರು.

“ಹಾಡು ಯಾವಾಗಮ್ಮ ಶುರುವಾಗೋದು?”

ಎಲ್ಲರೂ ನನ್ನನ್ನೇ ನೋಡಿದರು. ಆ ಗಳಿಗೆಯಲ್ಲಿ ಯಾವ ದೆವ್ವ ಹೊಕ್ಕಿತೋ, “ನೀವು ಶುರು ಮಾಡಿದ ತಕ್ಷಣ, ಅಮ್ಮಾ,” ಎಂದೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೋಡಲು ಬಂದವರಿಗೇ ಹಾಡು ಹೇಳಿ ಎಂದ ಹೆಣ್ಣು ನಮ್ಮ ಬಳಗದಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಗೌರಮ್ಮ ಒಮ್ಮೆ ಮಗನನ್ನು ನೋಡಿ, ಗಂಟಲು ಸರಿಮಾಡಿಕೊಂಡು ಒಂದು ವಚನ ಎತ್ತಿಕೊಂಡೇಬಿಟ್ಟರು. ಗಾಬರಿಗೆ ಶ್ರುತಿ ಅಟ್ಟ ಹತ್ತಿತ್ತು. ಮುಂದಿನ ಸಾಲಿಗೆ ದನಿ ಒಡೆಯುತ್ತದೆಂದು ಗೊತ್ತಾಗಿ, ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು ಕೆಳಗಿನ ಶ್ರುತಿಗೆ ಇಳಿದೆ. ಅವರೂ ಅರಿವಿಲ್ಲದೆ ಜೊತೆಗೆ ಇಳಿದರು. ಮಾತು ಮರೆತ ಕಡೆ, ನೆನಪಾಗುವವರೆಗೆ ಅದೇ ಸಾಲನ್ನು ಸುತ್ತಿ ಸುತ್ತಿ ನುಡಿಸಿದೆ. ಕೊನೆಗೆ ಅವರು ಕಣ್ಣು ಮುಚ್ಚಿ, ತೊಡೆ ತಟ್ಟುತ್ತ ಹಾಡಿದರು. ಮದುವೆಯಾದ ಮೇಲೆ ಹಾಡಿರಲೇ ಇಲ್ಲವಂತೆ. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

“ಅಮ್ಮ ಹಾಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದ ಹುಡುಗ.

ಅಷ್ಟರಲ್ಲಿ ನನ್ನ ಉದ್ಧಟತನಕ್ಕೆ ತೇಪೆ ಹಾಕಲು ಅವ್ವ ಮುಂದಾದಳು. ದಾವಣಗೆರೆಯವಳು. “ಮದುವಿ ಆದಮ್ಯಾಲೆ ಪಿಯಾನೊ ಬಿಡಿಸ್ತೀವಿ, ನೀವೇನ್ ಚಿಂತಿ ಮಾಡಬ್ಯಾಡ್ರಿ.”

ನಾನು ಪಿಯಾನೊ ಮೇಲಿಂದ ಕೈ ತೆಗೆಯಲಿಲ್ಲ.

“ಬಿಡಿಸೋ ಹಾಗಿದ್ರೆ ಈ ಸಂಬಂಧ ನಮಗೆ ಬೇಡ್ರಿ,” ಎಂದು ಗೌರಮ್ಮ ನನ್ನ ಕಡೆ ತಿರುಗಿದರು. “ಇನ್ನೊಂದು ಬರುತ್ತೆ ನಂಗೆ. ನುಡಿಸಮ್ಮ.”

ಆ ಸಡಗರದಲ್ಲಿ ಹುಡುಗನ ಒಪ್ಪಿಗೆ ಕೇಳುವುದನ್ನು ಎಲ್ಲರೂ ಮರೆತರು. ಅವನು ಮೆಲ್ಲಗೆ ಎದ್ದು, ನಮ್ಮಿಬ್ಬರಿಗೂ ಅಡ್ಡವಾಗದಂತೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ಸುಮ್ಮನೆ ಕೂತು ಕೇಳತೊಡಗಿದ. ಪಕ್ಕವಾದ್ಯದ ಮೊದಲ ಪಾಠ ಅದೇ. ಯಾರೂ ಹೇಳಿಕೊಡದೆಯೇ ಬಂದಿದೆಯಲ್ಲ ಎಂದು ನಾನೂ ಅವನನ್ನು ಒಪ್ಪಿಕೊಂಡೆ.