ಎಫ್-ಒನ್ ಒತ್ತಿ ದಾಟಿಸಿದ ಮಾತು

ಮೊನ್ನೆ ಸೂಜಿ ಹುಡುಕುತ್ತ ಮೇಜಿನ ಡ್ರಾಯರ್ ತಡಕುವಾಗ ಒಂದು ಸೆಲ್ ಕೈಗೆ ಬಂತು. ನಾಣ್ಯದಷ್ಟೇ ಅಗಲದ, ಜೀವ ಹೋದ ಸೆಲ್. ಬಿಸಾಡಲು ಕಿಟಕಿಯವರೆಗೆ ಹೋದವನು ಮತ್ತೆ ಅಲ್ಲೇ ತಂದಿಟ್ಟೆ. ಹೋದ ವರ್ಷ ನನಗೆ ಒಂದು ವಾರ ನೀರು ಕುಡಿಸಿದ್ದು ಇದೇ ಮಹಾಶಯ.

ನನ್ನ ಸೋದರಮಾವ ಮೊಳಕಾಲ್ಮೂರಿನವರು. ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ. ಚೌಕಳಿ ಹಾಳೆಯ ಒಂದೊಂದು ಮನೆಯೂ ಒಂದೊಂದು ಎಳೆ. ಆ ಹಾಳೆಗಳಿಗೆ ಗೆದ್ದಲು ಹತ್ತಿದಾಗ ನಾನು ಅವನ್ನು ಚಳ್ಳಕೆರೆಗೆ ತಂದು, ಎರಡು ಬೇಸಿಗೆ ಕೂತು, ನನ್ನ ಕಂಪ್ಯೂಟರಿಗೆ ಏರಿಸಿದ್ದೆ. ಇನ್ನೊಂದು ಪ್ರತಿ ತೆಗೆದಿಡುವುದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದೆ. ಹಾಳೆಗಳು ಪುಡಿಯಾದವು, ಮಾವನ ಕೈ ನಡುಗತೊಡಗಿತು. ಅವರ ಜೀವಮಾನದ ಕೆಲಸವೆಲ್ಲ ಉಳಿದದ್ದು ಆ ಡಬ್ಬಿಯೊಳಗೆ ಮಾತ್ರ.

ಮಾವ ಮೊಮ್ಮಗಳ ಸೀರೆಗೆಂದು ಹಂಸದ ಅಂಚು ಕೇಳಿದ ವಾರವೇ ಕಂಪ್ಯೂಟರ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಪರದೆ ನೀಲಿಯಾಗುವುದು, ಆರುವುದು, ಮತ್ತೆ ನೀಲಿಯಾಗುವುದು. ಪೇಟೆಯ ಅಂಗಡಿಯವನೊಬ್ಬ ನೋಡಿ, "ಫಾರ್ಮ್ಯಾಟ್ ಹೊಡೀಬೇಕು ಸಾರ್, ಒಳಗಿಂದೆಲ್ಲ ಹೋಗ್ತೈತೆ" ಎಂದ. ಡಬ್ಬಿಯನ್ನು ಹೊತ್ತುಕೊಂಡು, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಇಕ್ಬಾಲ್ ಭಾಯಿಯ ಬಳಿಗೆ ಓಡಿದೆ.

ಅವರು ಎರಡು ಸಲ ಚಾಲೂ ಮಾಡಿ ನೋಡಿದರು. "ಡಿಸ್ಕಿಗೆ ಏನೂ ಆಗಿಲ್ರಿ. ಕರೆಂಟ್ ಬಂದ ಕೂಡ್ಲೆ ಆಪರೇಟಿಂಗ್ ಸಿಸ್ಟಂ ಏಳಲ್ಲ. ಬೋರ್ಡಿನಾಗೆ ಒಂದು ಸಣ್ಣ ಪ್ರೋಗ್ರಾಂ ಐತೆ, ಅದು ಮೊದ್ಲು ಏಳ್ತದೆ. ಮೆಮೊರಿ ಎಷ್ಟೈತೆ, ಡಿಸ್ಕ್ ಯಾವ ಥರ ಜೋಡ್ಸೈತೆ, ಎಲ್ಲಾ ನೋಡ್ಕೊಂಡು ಆ ಸಿಸ್ಟಂ ಸಾಹೇಬ್ರಿಗೆ ಒಪ್ಪಿಸ್ತದೆ. ಅದರ ನೆನಪು ಕಾಯೋ ಈ ಸೆಲ್ ಖಲಾಸ್ ಆಗಿ ಅದಕ್ಕೆ ಸೆಟ್ಟಿಂಗ್ ಮರ್ತೋಗೈತೆ. ಡಿಸ್ಕ್‌ನ ಹಳೇ ಕಾಲದ ಥರ ಜೋಡ್ಸೈತೆ ಅಂತ ತೋರಿಸ್ತೈತೆ. ಸಾಹೇಬ್ರು ಡಿಸ್ಕಿನ ಗುರುತು ಸಿಗದೆ ಬಿದ್ದೋಗ್ತಾರೆ, ಅಷ್ಟೇ."

ನನಗೆ ಇದು ಎಲ್ಲೋ ಕಂಡ ದೃಶ್ಯವೆನಿಸಿತು. ಮಾವ ಮಗ್ಗದಿಂದ ಎದ್ದು, ಮುಂದಿನ ಪಾಳಿ ನೇಯುವ ಓಬಣ್ಣನಿಗೆ ಒಪ್ಪಿಸುವಾಗ ಹೀಗೇ ಹೇಳುತ್ತಿದ್ದರು: "ಎಡಗಡೆ ಮೂರು ಎಳೆ ಕಡಿದಾವೆ, ಗಂಟು ಹಾಕೀನಿ. ಹೂವು ಅರ್ಧಕ್ಕೈತೆ." ಓಬಣ್ಣ ಬಗ್ಗಿ ನೋಡಿದವನಲ್ಲ. ಕೇಳಿಸಿಕೊಂಡು ಕೂರುವನು, ನೇಯುವನು. ಒಂದು ದಿನ ಮಾವ ಗಡಿಬಿಡಿಯಲ್ಲಿ ಹೂವಿನ ಮಾತು ಮರೆತರು. ಮೊಳದಷ್ಟು ನೇಯ್ದದ್ದನ್ನು ಬಿಚ್ಚಿದ್ದಾಯಿತು.

"ಬ್ಯಾಟರಿ ಕಮ್ಮಿ ಐತೆ ಅಂತ ಬೆಳಿಗ್ಗೆ ಏನಾದ್ರೂ ಬರ್ತಿತ್ತಾ?" ಎಂದರು ಭಾಯಿ.

ಬರುತ್ತಿತ್ತು. ತಿಂಗಳುಗಟ್ಟಲೆ ಬರುತ್ತಿತ್ತು. ಮುಂದುವರಿಯಲು ಎಫ್-ಒನ್ ಒತ್ತಿ ಎಂದು ಕೆಳಗಿರುತ್ತಿತ್ತಲ್ಲ, ಮೇಲಿನದನ್ನು ಓದದೆ ಅದನ್ನಷ್ಟೇ ಒತ್ತುತ್ತಿದ್ದೆ. ಸಿಡಿಲಿಗೆ ಹೆದರಿದ ಅವ್ವ ದಿನಾ ಸಂಜೆ ಪ್ಲಗ್ ಕೀಳಿಸುತ್ತಿದ್ದುದರಿಂದ ಪಾಪದ ಸೆಲ್ಲೇ ರಾತ್ರಿಯೆಲ್ಲ ದುಡಿದು ಬೇಗ ಸೋತಿತ್ತು. ಆದರೆ ಅದು ಹೇಳಿಯೇ ಸತ್ತಿತ್ತು. ಕೇಳದವನು ನಾನು.

ಭಾಯಿ ಹೊಸ ಸೆಲ್ ಹಾಕಿ, ಎರಡು ಕೀಲಿ ಒತ್ತಿ, ಒಂದು ಸಾಲು ಬದಲಿಸಿದರು. ಪರದೆ ಎದ್ದಿತು. ಹಂಸಗಳು ಸಾಲಾಗಿ ನಿಂತಿದ್ದವು. ನನಗೆ ಅಳು ಬಂತು. ಭಾಯಿ ಬೇರೆ ಕಡೆ ನೋಡುತ್ತ ಚಹಾ ಹೇಳಿದರು. ಅಂದೇ ಎಲ್ಲದಕ್ಕೂ ಇನ್ನೊಂದು ಪ್ರತಿ ತೆಗೆದೆ, ಹಂಸದ ಅಂಚನ್ನು ಅಚ್ಚು ಹಾಕಿಸಿ ಮಾವನಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಮಾವನ ಫೋನು. "ಏಮ್ರಾ, ತಿಂಡಿ ಆತಾ?" ಎಂದು ತೆಲುಗು ಬೆರೆಸಿ ಶುರುಮಾಡಿ ಮಗ್ಗ, ಮಂಡಿ, ಕಣ್ಣು ಎಂದು ದಿನವೂ ವರದಿ ಒಪ್ಪಿಸುವುದು ಅವರ ಪದ್ಧತಿ. ಪೇಪರ್ ಓದುತ್ತ ಹೂಂಗುಟ್ಟುವುದು ನನ್ನ ಪದ್ಧತಿ. ಆ ದಿನವೂ "ಹೂಂ" ಅಂದೆ. ಅಂದ ಮೇಲೆ ಹೊಳೆಯಿತು. ಇದೂ ಎಫ್-ಒನ್ನೇ ಅಲ್ಲವೇ?

"ಮಾವ, ಕಣ್ಣಿಗೆ ಏನಂದ್ರಿ?"

"ಎಡಗಣ್ಣು ಮಂಜು ಮಂಜು. ದೀಪಾವಳಿಯಿಂದ ಹೇಳ್ತಾನೇ ಇದೀನಲ್ಲಲೇ."

ಮಧ್ಯಾಹ್ನದ ಬಸ್ಸಿಗೇ ಮೊಳಕಾಲ್ಮೂರಿಗೆ ಹೋದೆ. ಪೊರೆ ಬಲಿತಿದೆ, ಆದರೂ ತಡವಾಗಿಲ್ಲ ಎಂದರು ವೈದ್ಯರು. ತೆಗೆಸಿದೆವು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಮಾವ ಮೊದಲು ಕೇಳಿದ್ದು ಆ ಹಂಸದ ಅಂಚನ್ನು. ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಲೇ, ಕೊಕ್ಕಿನಾಗೆ ಎರಡು ಎಳೆ ಕಮ್ಮಿ ಹಾಕೀಯಲ್ಲೋ."

ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಮೊನ್ನೆ ಆ ಸೆಲ್ ಇಟ್ಟು ಡ್ರಾಯರ್ ಮುಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಜಿನ ಮೇಲೆ ಹರಡಿದ್ದ ಪೇಪರ್ ಮಡಿಸಿಟ್ಟು, "ಹೇಳ್ರಿ ಮಾವ" ಎಂದೆ.