ಅವ್ವ ನನ್ನ ಕೈಗೆ ಕೊಟ್ಟದ್ದು

ಅವ್ವ ತನ್ನ ಇಷ್ಟಲಿಂಗವನ್ನು ಕಳೆದುಕೊಳ್ಳಲಿಲ್ಲ. ನಾನು ಬಚ್ಚಿಟ್ಟೆ. ಅವಳ ಹಿರಿಮಗಳು, ಗಂಗವ್ವ — ನಾನೇ.

ತೊಂಬತ್ತು ದಾಟಿ ಬದುಕಿದ ಜೀವ ಅದು. ಕಡೆಯ ಹದಿನಾಲ್ಕು ವರ್ಷ ಮೂಡಲಗಿಯ ನನ್ನ ಮನೆಯಲ್ಲೇ ಇದ್ದಳು. ಹಿಡಕಲ್ ಅಣೆಕಟ್ಟು ಕಟ್ಟುವ ಮೊದಲು ಹೊಳೆ ಹೇಗೆ ಹರಿಯುತ್ತಿತ್ತು, ಮೇಲವಂಕಿಯ ತವರಲ್ಲಿ ಯಾವ ಎಮ್ಮೆ ಯಾರನ್ನು ಹಾಯ್ದಿತ್ತು — ಕೇಳಿದರೆ ಸಾಕು, ಕಣ್ಣ ಮುಂದೆ ತಂದು ನಿಲ್ಲಿಸುತ್ತಿದ್ದಳು. ನಾನು ನಾಲ್ಕು ಜನರ ನಡುವೆ ಮಾತಾಡುತ್ತೇನೆಂದರೆ ಅದು ಅವಳ ಬಾಯಿಂದ ಕಲಿತದ್ದು.

ಅದೇ ಬಾಯಿ ನನ್ನನ್ನು ಚುಚ್ಚುತ್ತಿತ್ತು ಕೂಡ. ತಂಗಿ ನೀಲವ್ವನನ್ನು ಹುಕ್ಕೇರಿಗೆ ಕೊಟ್ಟಿತ್ತು. ಓಣಿಯ ಹೆಂಗಸರು ಬಂದು ಕೂತರೆ ಅವ್ವ ಶುರುಮಾಡುವಳು: "ನಮ್ಮ ನೀಲಿ ಮಾಡಿದ ಸಜ್ಜಕ ಅಂದ್ರ ಸಜ್ಜಕ. ಇಲ್ಲೆ ದಿನಾ ಬ್ಯಾಳಿ ಕಟ್ಟು ಕುಡದು ಕುಡದು ನಾನೂ ತೆಳ್ಳಗ ಕಟ್ಟಾಗೇನಿ ನೋಡ್ರೆವ್ವಾ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ದಿನ ನೀಲವ್ವ ಅವ್ವನನ್ನು ಕರೆದೊಯ್ಯಲು ಬಂದಿದ್ದಳು. ಎರಡು ತಿಂಗಳು ಇರಿಸಿಕೊಳ್ಳುತ್ತಾಳಂತೆ. ಅವ್ವ ನಸುಕಿನಲ್ಲೇ ಎದ್ದು ಸೀರೆ ಗಂಟು ಕಟ್ಟಿದ್ದಳು — ಮದುವೆಗೆ ಹೊರಟ ಹುಡುಗಿಯ ಹಾಗೆ. ಆ ಸಡಗರ ನೋಡಿ ನನ್ನೊಳಗೆ ಏನು ಹೊತ್ತಿಕೊಂಡಿತೋ! ಜಳಕ ಮಾಡಿಸುವಾಗ, "ಶಿವದಾರ ಹಳೇದಾಗೈತಿ, ತಾ, ಹೊಸಾದು ಹಾಕ್ತೀನಿ" ಎಂದೆ. ಲಿಂಗವನ್ನು ಎಂದೂ ಮೈಯಿಂದ ಅಗಲಿಸದವಳು, ಮಗಳೆಂದು ನಂಬಿ, ದಾರದ ಸಮೇತ ಕೊರಳಿಂದ ತೆಗೆದು ಕೈಗೆ ಕೊಟ್ಟಳು. ಅದನ್ನು ಒಯ್ದು ಜೋಳದ ಹಿಟ್ಟಿನ ಡಬ್ಬಿಯೊಳಗೆ ಒತ್ತಿದೆ. ಲಿಂಗಪೂಜೆಯಾಗದೆ ಅವ್ವ ಹನಿ ನೀರೂ ಮುಟ್ಟುವುದಿಲ್ಲ, ಹೊಸ್ತಿಲೂ ದಾಟುವುದಿಲ್ಲ — ಗೊತ್ತಿತ್ತು. ಆ ದಿನದ ಬಸ್ಸು ತಪ್ಪಲಿ, ಆಮೇಲೆ ಕೊಟ್ಟರಾಯಿತು — ಅಷ್ಟೇ ಎಂದುಕೊಂಡಿದ್ದೆ.

ಪೂಜೆಗೆ ಕೂತು ಅವ್ವ ಎಡಗೈ ಚಾಚಿದಳು. "ತಾರವ್ವಾ. ಆಗಳೆ ನಿನ್ನ ಕೈಯಾಗ ಕೊಟ್ಟೇನಲಾ?"

ನೀಲವ್ವ ನನ್ನ ಮುಖ ನೋಡಿದಳು. ಆಗಲೇ ತಂದುಕೊಡಬಹುದಿತ್ತು.

"ನನ್ನ ಕೈಯಾಗೆಲ್ಲಿ ಕೊಟ್ಟಿ? ನಿನಗ ಮರವು ಹತ್ತೇತಬೇ ಅವ್ವಾ."

ಅವ್ವ ಬಹಳ ಹೊತ್ತು ತನ್ನ ಖಾಲಿ ಅಂಗೈ ನೋಡಿದಳು. ಆಮೇಲೆ — "ಹೌದೇನ?" ಎಂದಳು. ಅಷ್ಟೇ.

ಎರಡು ದಿನ ಬಚ್ಚಲು, ಹಾಸಿಗೆ, ಹಿತ್ತಲ ಬೂದಿಯನ್ನೆಲ್ಲ ಬೆರಳಲ್ಲಿ ಜಾಲಾಡಿದಳು. ನೀರು ಕುಡಿಯಲಿಲ್ಲ. ತುಟಿ ಒಡೆದವು. ನಾನೂ ಜೊತೆಗೆ ಹುಡುಕಿದೆ — ಹುಡುಕಿದಂತೆ ಮಾಡಿದೆ. ಅದೇ ಡಬ್ಬಿಯ ಹಿಟ್ಟು ತೆಗೆದು ಮನೆಯವರಿಗೆ ರೊಟ್ಟಿ ಬಡಿದೆ. ಒಂದೊಂದು ತಾಸು ಕಳೆದ ಹಾಗೆ ಸುಳ್ಳು ದೊಡ್ಡದಾಯಿತು. ತೆಗೆದುಕೊಡುವ ಕೈ ಸಣ್ಣದಾಯಿತು. ಮೂರನೆಯ ದಿನ ಮಠದ ಅಜ್ಜಾರು ಬಂದು ಹೊಸ ಲಿಂಗ ಕಟ್ಟಿದರು. ನೀಲವ್ವ ಒಬ್ಬಳೇ ಹುಕ್ಕೇರಿಗೆ ಹೋದಳು. ಆಮೇಲೆ ಎಷ್ಟು ಕರೆದರೂ ಅವ್ವನದು ಒಂದೇ ಮಾತು: "ಲಿಂಗಾ ಕಳಕೊಂಡಾಕಿ ನಾ. ಯಾ ಮಾರಿ ಹೊತ್ತು ಬರಲಿ?"

ಮುಂದೆ ನಾಲ್ಕು ವರ್ಷ ಬದುಕಿದಳು. ಕಥೆ ನಿಂತಿತು. ಹೊಳೆಯ ಸುದ್ದಿ ತೆಗೆದರೆ ಅರ್ಧಕ್ಕೇ ತಡೆದು ನನ್ನತ್ತ ತಿರುಗುವಳು — "ಹೌದಲ್ಲೇನ ಗಂಗವ್ವಾ? ನನಗ ಮರವು." ನಾನು ಹೂಂ ಅನ್ನುತ್ತಿದ್ದೆ. ಆಗೀಗ — ಇದನ್ನೂ ಬರೆಯಬೇಕು — ಅವಳ ನೆನಪು ಸರಿಯಿದ್ದರೂ ಬೇಕೆಂದೇ 'ಇಲ್ಲ' ಅನ್ನುತ್ತಿದ್ದೆ. ಅವಳು ನನ್ನನ್ನು ಕೇಳದೆ ಏನನ್ನೂ ನಂಬದಂತಾದದ್ದು ನನಗೆ ಹಿತವಾಗಿತ್ತು.

ಸಮಾಧಿಯಲ್ಲಿ ಅವ್ವನನ್ನು ಕೂರಿಸಿ ಹೊಸ ಲಿಂಗವನ್ನು ಅಂಗೈಯಲ್ಲಿಟ್ಟರು. ಹಳೆಯದು ನನ್ನ ಸೊಂಟದಲ್ಲಿತ್ತು. "ಇನ್ನೇನರ ಇಡೂದೈತೇನ್ರಿ?" ಎಂದು ಅಜ್ಜಾರು ಕೇಳಿದರು. "ಏನೂ ಇಲ್ಲರಿ" ಎಂದೆ. ಮಣ್ಣು ಎಳೆದರು.

ಅವ್ವನ ಮಾತು ಬಂದಾಗಲೆಲ್ಲ ನೀಲವ್ವ ಇಂದಿಗೂ, "ಪಾಪ, ಕಡೀಕ ಭಾಳ ಮರವಾಗಿತ್ತು" ಅನ್ನುತ್ತಾಳೆ. ನಾಳೆ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋಗುತ್ತೇನೆ. ಲಿಂಗವನ್ನು ಅವಳ ಕೈಯಲ್ಲಿಟ್ಟು, ಅವ್ವನಿಗೆ ಯಾವ ಮರೆವೂ ಇರಲಿಲ್ಲ ಎಂದು ಹೇಳುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳುತ್ತೇನೆ — ಓಣಿಗೆಲ್ಲ ಕೇಳಲಿ.