ಪ್ಯಾರಾಚೂಟಿನ ಬಟ್ಟೆ

ಸಾಹೇಬರೇ, ನಾನು ವಿಮಾನದಿಂದ ಬಿದ್ದವನಲ್ಲ. ಲಾರಿಯಿಂದ ಬಿದ್ದವನು — ಅದೂ ಬೇಳೆಸಾರಿನ ಹಂಡೆಯ ಸಮೇತ. ಇದು ನಿಮಗೆ ಗೊತ್ತಿತ್ತು. ನಮ್ಮ ದೇವಲಾಪುರಕ್ಕೆ ಗೊತ್ತಿರಲಿಲ್ಲ.

ಎಪ್ಪತ್ತೊಂದರ ಯುದ್ಧದಲ್ಲಿ ನಾನು ವಾಯುಪಡೆಯ ಅಡುಗೆಯವನು. ಆಸ್ಪತ್ರೆಯಲ್ಲಿ ನನ್ನ ಕಾಲಿಗೆ ಪಟ್ಟಿ; ಪಕ್ಕದ ಮಂಚದಲ್ಲಿ ನೀವು, ವಿಮಾನ ಹಾರಿಸುವ ಮೈಸೂರಿನವರು, ಎರಡು ಕೈಗೂ ಪಟ್ಟಿ. ನಾನು ತುತ್ತು ಇಡುತ್ತಿದ್ದೆ, ನೀವು ತುತ್ತಿನ ನಡುವೆ ಹೇಳುತ್ತಿದ್ದಿರಿ — ಶತ್ರು ವಿಮಾನ ಹಿಂದಿನಿಂದ ಹೊಡೆದದ್ದು, ನೀವು ಪ್ಯಾರಾಚೂಟಿನಲ್ಲಿ ಕಬ್ಬಿನ ಗದ್ದೆಗೆ ಬಿದ್ದದ್ದು, ನಮ್ಮದೇ ರೈತರು ಶತ್ರುವೆಂದು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದದ್ದು. ಹಿಂದಿನ ಸೀಟಿನ ಜೋಸೆಫ್ ಹೊರಗೆ ಹಾರಲೇ ಇಲ್ಲ — ಅಲ್ಲಿಗೆ ಬಂದಾಗ ನೀವು ಬಾಯಿ ತೆರೆಯುತ್ತಿರಲಿಲ್ಲ. ತುತ್ತು ನನ್ನ ಕೈಯಲ್ಲೇ ಆರುತ್ತಿತ್ತು.

ಯುದ್ಧದಲ್ಲಿ ಬಿದ್ದೆ ಎಂದಷ್ಟೇ ಮನೆಗೆ ಕಾಗದ ಬರೆದಿದ್ದೆ. ಕುಂಟುತ್ತ ಬಸ್ಸು ಇಳಿದರೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ! ಭಾವಮೈದ ಕೇಳಿದ, "ಬಾವ, ಇಮಾನದಿಂದ ಬಿದ್ರಂತೆ, ದಿಟವಾ?"

ಆರತಿಯ ಮುಂದೆ ಸಾರಿನ ಹಂಡೆ ಎನ್ನಲು ನಾಲಗೆ ಏಳಲಿಲ್ಲ. ಹೂಂ ಅಂದುಬಿಟ್ಟೆ.

ಗಂಟಿನಲ್ಲಿ ನೀಲಿ ಅಂಚಿನ ಬಿಳಿ ಬಟ್ಟೆಯೊಂದಿತ್ತು — ಸಾಮಾನು ಸುತ್ತಿ ತಂದಿದ್ದ ಆಸ್ಪತ್ರೆಯ ಕಿಟಕಿ ಪರದೆ. ಪ್ಯಾರಾಚೂಟಿನ ತುಂಡು ಎಂದೆ. ನನ್ನ ಹೆಂಡತಿ ನಿಂಗಮ್ಮ ಅದನ್ನು ಬೆರಳಗಲ ಹರಿದು ಊರಿನ ಕೂಸುಗಳ ತೋಳಿಗೆಲ್ಲ ತಾಯಿತ ಕಟ್ಟಿದಳು — ಬೀಳದಿರಲಿ, ಬಿದ್ದರೂ ಮೆತ್ತಗೆ ಬೀಳಲಿ ಎಂದು. ಬಿಂಡಿಗನವಿಲೆಯಿಂದಲೂ ಹೆಂಗಸರು ಬಸ್ಸು ಹತ್ತಿ ಬಂದರು. ಹುಣಸೆಮರ ಹತ್ತುವವರಿಗೆ ಎರಡು ಸುತ್ತು.

ಕೇಳಿದವರಿಗೆಲ್ಲ ನಿಮ್ಮ ಕತೆಯನ್ನೇ ನನ್ನದೆಂದು ಹೇಳಿದೆ; ಅದರಲ್ಲಿ ಜೋಸೆಫ್‌ಗೆ ಮಾತ್ರ ಜಾಗ ಕೊಡಲಿಲ್ಲ. ಕಬ್ಬಿನ ಗದ್ದೆ, ದೊಣ್ಣೆ ಅಂದರೆ ಜನ ನಗುತ್ತಿದ್ದರು. ಜೋಸೆಫ್ ಬಂದರೆ ನಗು ನಿಲ್ಲುತ್ತದಲ್ಲ —

ಎರಡು ವರ್ಷದ ಮೇಲೆ, ತುತ್ತು ಇಟ್ಟವನನ್ನು ನೋಡಬೇಕೆಂದು ನೀವು ಹೇಳದೆ ಕೇಳದೆ ಬಂದಿರಿ. ಜಗಲಿ ತುಂಬ ಜನ. "ನಮ್ ಬಾವನ್ ಇಮಾನ ಹೊಡ್ದಾಕಿದ್ ಕತೆ ಕೇಳಿದ್ದೀರಾ ಸಾ?" ಎಂದು ಭಾವಮೈದ ನಿಮ್ಮ ಕತೆಯನ್ನು ನಿಮಗೇ ಬಡಿಸಿದ. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನಿಸಿತು. ನೀವು ಮುದ್ದೆ ಮುರಿಯುತ್ತ ತಲೆದೂಗಿದಿರಿ. ನಿಂಗಮ್ಮ ನಿಮ್ಮ ಎಡಗೈಗೂ ಒಂದು ತುಂಡು ಕಟ್ಟಿದಳು. ನೀವು ನೀಲಿ ಅಂಚನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಮೀಸೆಯಡಿ ನಕ್ಕಿರಿ. ಸದ್ಯ, ಬದುಕಿದೆ ಅಂದುಕೊಂಡೆ.

ಆಮೇಲೆ ಕೇಳಿದಿರಿ, "ವಿಮಾನದಲ್ಲಿ ನೀನೊಬ್ಬನೇ ಇದ್ದೆಯಾ, ಬೋರೇಗೌಡ?"

"ಒಬ್ನೇ ಸಾ."

ನೀವು ಎದ್ದು ಕೈ ತೊಳೆದಿರಿ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಮತ್ತೆ ನಿಮ್ಮ ಕಾಗದ ಬರಲಿಲ್ಲ. ಬರೆಯಲು ನನಗೂ ಮುಖವಿರಲಿಲ್ಲ.

ನಿನ್ನೆ, ಇಷ್ಟು ವರ್ಷದ ಮೇಲೆ, ಅದೇ ಜಗಲಿಯಲ್ಲಿ ಎಲ್ಲ ಹೇಳಿಬಿಟ್ಟೆ — ಲಾರಿ, ಹಂಡೆ, ಪರದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಥೂ, ನಿಮ್ ಬಾಯ್ಗೆ ಮಣ್ಣಾಕ! ಎಷ್ಟ್ ಕೂಸ್ಗೆ ಕಟ್ಬುಟ್ನಲ್ಲಾ!" ಎಂದು ನಿಂಗಮ್ಮ ತಲೆ ಚಚ್ಚಿಕೊಂಡಳು. ಕೊನೆಗೆ ಜೋಸೆಫ್ ಹೆಸರು ಹೇಳಿದೆ. ನಗು ನಿಂತಿತು.

"ಪಾಪ, ಯಾವೂರವ್ರು?" ಎಂದು ನಿಂಗಮ್ಮ ಕೇಳಿದಳು.

ನನಗೆ ಗೊತ್ತಿಲ್ಲ, ಸಾಹೇಬರೇ. ಅಷ್ಟು ದಿನ ನಿಮ್ಮ ಪಕ್ಕದಲ್ಲೇ ಮಲಗಿದ್ದು, ಅದೊಂದನ್ನು ನಾನು ಕೇಳಿರಲಿಲ್ಲ.